ಗುರುತಿಲ್ಲ, ಮುಂದಕ್ಕೆ

ಸಂಜೆ ಹೊರಡುವ ಮೊದಲು ಅವರು ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಗೆಳೆದು, ಅಂಗಿಯ ಜೇಬನ್ನು ಬಗ್ಗಿಸಿ ಕೊಡವಿ, ಖಾಲಿ ಕೈಗಳನ್ನು ಚಾಚಿ ನಿಲ್ಲುತ್ತಿದ್ದರು. ಹಾಗೆ ತೋರಿಸಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ಆ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. “ನೋಡ್ಕೊಂಡ್ಯಾ?” ಎನ್ನುವರು. ನಾನು ತಲೆಯಾಡಿಸಬೇಕು. ಆಮೇಲೆ ಕೈ ನನ್ನ ಕಡೆಗೆ ಬರುತ್ತಿತ್ತು.

“ಈಗ ನಿನ್ನ ಬ್ಯಾಗು.”

ಮೊದಲ ದಿನ ನನಗೆ ಮೈಯೆಲ್ಲ ಉರಿಯಿತು. “ನನ್ನನ್ನ ಕಳ್ಳಿ ಅಂದ್ಕೊಂಡಿದ್ದೀರಾ ಸಾರ್?” ಎಂದೆ.

“ಅಂದ್ಕಂಡಿಲ್ಲ. ಅಲ್ಲ ಅಂತಾನೂ ಅಂದ್ಕಂಡಿಲ್ಲ. ತೆಗಿ.”

ಬ್ಯಾಗಿನಲ್ಲಿ ಇದ್ದದ್ದು ಖಾಲಿ ಊಟದ ಡಬ್ಬಿ, ಛತ್ರಿ, ಫ್ರೀ ಬಸ್ಸಿಗೆ ತೋರಿಸುವ ಆಧಾರ್ ಕಾರ್ಡು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿ ಇಣುಕಿದರು. ಅನ್ನದ ಅಗುಳೊಂದು ಅಂಟಿಕೊಂಡಿತ್ತು, ಅದನ್ನೂ ಒಂದು ಕ್ಷಣ ನೋಡಿದರು. ಬಸ್ಸಿನಲ್ಲಿ ಮಾಕಳಿಯವರೆಗೂ ನಾನು ಯೋಚಿಸಿದ್ದು ಒಂದೇ. ಕೇಳದಿದ್ದರೂ ತನ್ನ ಜೇಬು ತೋರಿಸುವ ಈ ಮನುಷ್ಯ ಎಂದೋ ಒಂದು ದಿನ ಆ ಜೇಬಿನಲ್ಲಿ ಏನೋ ಇಟ್ಟುಕೊಂಡಿದ್ದವನೇ ಇರಬೇಕು.

ಅವರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಆ ಅನುಮಾನ ನಿಜವಾಯಿತೋ ಸುಳ್ಳಾಯಿತೋ ಎಂದು ಈಗಲೂ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲಾರೆ.

ಕೋಣೆ ಇದ್ದದ್ದು ಪೀಣ್ಯದ ಒಂದು ಲೇತ್ ಶೆಡ್ಡಿನ ಮಹಡಿಯಲ್ಲಿ. ಕೆಳಗೆ ಹಗಲೆಲ್ಲ ಕಬ್ಬಿಣ ಕೊರೆಯುವ ಸದ್ದು, ಕೂಲಂಟ್ ಎಣ್ಣೆಯ ವಾಸನೆ. ಮೇಲೆ ಎ.ಸಿ., ಎರಡು ಬಾಗಿಲು, ಕಬ್ಬಿಣದ ಬೀರುಗಳು. ಬೀರುಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟು ಸಣ್ಣ ಡಬ್ಬಿಗಳು, ಪ್ರತಿ ಡಬ್ಬಿಯಲ್ಲಿ ಕೀ ಕೊಟ್ಟು ಓಡಿಸುವ ಹಳೆಯ ವಾಚೊಂದರ ಒಳಗಿನ ಯಂತ್ರ. ಕಸುಬಿನವರು ಅದಕ್ಕೆ ಮಿಷನ್ ಎನ್ನುತ್ತಾರೆ. ಜನ ಬಂಗಾರದ ಕೇಸನ್ನು, ಬೆಳ್ಳಿಯ ಕೇಸನ್ನು ಕರಗಿಸಿ ಮಾರಿಕೊಂಡು ಮಿಷನ್ನನ್ನು ಗುಜರಿಗೆ ಹಾಕುತ್ತಾರೆ. ಶೆಡ್ಡಿನ ಓನರ್ ಅವನ್ನು ಗುಜರಿ ಅಂಗಡಿಗಳಿಂದ, ಮುಚ್ಚಿದ ವಾಚ್ ಅಂಗಡಿಗಳಿಂದ ಇಪ್ಪತ್ತು ವರ್ಷ ಆರಿಸಿ ತಂದಿದ್ದರು. ಅವರ ತಾತ ಅದೇ ನೆಲದಲ್ಲಿ ರಾಗಿ ಬೆಳೆದವರು, ಇವರು ಶೆಡ್ಡು ಕಟ್ಟಿದವರು. ಕೊನೆಗೆ ಒಂದು ಮ್ಯೂಸಿಯಮ್ಮಿನವರು ಇಡೀ ಸಂಗ್ರಹವನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಷರತ್ತು ಒಂದೇ: ಪ್ರತಿಯೊಂದರ ವಿವರವೂ ಇರುವ ಪಟ್ಟಿ ಬೇಕು.

ಪಟ್ಟಿ ಮಾಡುವುದಕ್ಕೆ ನಾನು ಬಂದೆ. ಗ್ರಂಥಾಲಯ ವಿಜ್ಞಾನದ ಪದವೀಧರೆ. ನಮ್ಮಪ್ಪ ಗೋಡೌನಿನಲ್ಲಿ ಮೂಟೆ ಹೊರುವವರು, ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ನಮ್ಮ ಮನೆಯಲ್ಲಿ ಡಿಗ್ರಿ ಪಡೆದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸಂಕೋಚಪಡುವಷ್ಟು ಸುಲಭವಾಗಿ ಅದು ಬಂದದ್ದಲ್ಲ. “ಪಟ್ಟಿ ನೀಟಾಗಿದ್ರೆ ನಿನ್ನೂ ಅಲ್ಲೇ ಸೇರಿಸ್ಕೋತಾರಮ್ಮ, ನಾನು ಮಾತಾಡಿದೀನಿ. ಪರ್ಮನೆಂಟು,” ಎಂದಿದ್ದರು ಓನರ್. ಮ್ಯೂಸಿಯಮ್ಮಿನಲ್ಲಿ ಕೆಲಸ! ಆ ಮಾತಿನ ಮೇಲೆಯೇ ನಾನು ಹದಿನಾಲ್ಕು ತಿಂಗಳು ಆ ಕೋಣೆಯಲ್ಲಿ ಕಳೆದೆ.

ಮಿಷನ್ನುಗಳನ್ನು ತೊಳೆದು, ನೋಡಿ, ಹೇಳುವವರು ಅವರು. ಎಪ್ಪತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಯಶವಂತಪುರದ ಮಾರ್ಕೆಟ್ಟಿನ ಬದಿಯಲ್ಲಿ ಒಂದು ಗಾಜಿನ ಪೆಟ್ಟಿಗೆಯಿಟ್ಟುಕೊಂಡು ಮೂವತ್ತು ವರ್ಷ ವಾಚ್ ರಿಪೇರಿ ಮಾಡಿದ್ದವರು. ಅವರು ಹೇಳುವುದು, ನಾನು ಬರೆಯುವುದು. ನಾನು ಮಿಷನ್ ಮುಟ್ಟುವ ಹಾಗಿಲ್ಲ. “ಮುಟ್ಬೇಡ” ಎಂದರು, ಅಷ್ಟೇ. ಕಾರಣ ಹೇಳಲಿಲ್ಲ. ತಾವು ಮುಟ್ಟುವಾಗ ಬೆರಳಿಗೆ ಸಣ್ಣ ರಬ್ಬರ್ ಟೋಪಿಗಳನ್ನು ಹಾಕಿಕೊಳ್ಳುವರು. ಆ ಟೋಪಿಗಳ ಡಬ್ಬಿಗೂ ಬೀಗ.

ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿದ ದಿನ ಅದನ್ನು ಕೋಣೆಗೆ ತಂದಿದ್ದೆ. ತೋರಿಸಬೇಕೆಂದೇ ತಂದದ್ದು. ಅವರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಭೂತಗನ್ನಡಿ ಹಾಕಿಕೊಂಡು, ಸೀಲನ್ನೂ ಸಹಿಯನ್ನೂ ಅಂಚುಗಳನ್ನೂ ಐದು ನಿಮಿಷ ಪರೀಕ್ಷಿಸಿದರು.

“ಒರಿಜಿನಲ್ಲೇ,” ಎಂದರು.

“ಮತ್ತೇನು ಡೂಪ್ಲಿಕೇಟ್ ಅಂದ್ಕೊಂಡ್ರಾ?”

“ಡೂಪ್ಲಿಕೇಟ್ ಆಗಿದ್ರೆ ಇಷ್ಟೊತ್ತು ಬೇಕಾಗ್ತಿರ್ಲಿಲ್ಲ. ಇಷ್ಟೊತ್ತು ನೋಡುದ್ನಲ್ಲ, ಅದೇ ಮರ್ಯಾದೆ.”

ಅವರ ಮೇಜಿನ ಮೇಲೆ ಒಂದು ದಿಕ್ಸೂಚಿ ಇರುತ್ತಿತ್ತು. ಯಾರೇ ಒಳಗೆ ಬಂದರೂ ಮೊದಲು ಅದರ ಮುಳ್ಳನ್ನು ನೋಡುವರು, ಆಮೇಲೆ ಮುಖವನ್ನು. ಒಂದು ದಿನ ನಾನು ಹೊಸ ಬ್ಯಾಗು ಹಾಕಿಕೊಂಡು ಬಂದಾಗ ಮುಳ್ಳು ಗಿರ್ರನೆ ತಿರುಗಿತು. “ನಿನ್ನತ್ರ ಏನೋ ಐತೆ!” ಎಂದು ಎದ್ದುನಿಂತುಬಿಟ್ಟರು. ಮಾಟಗೀಟದವರೋ ಎಂದು ನನಗೆ ಭಯವಾಯಿತು. ನೋಡಿದರೆ ಬ್ಯಾಗಿನ ಗುಂಡಿಯಲ್ಲಿ ಅಯಸ್ಕಾಂತವಿತ್ತು. ಅಯಸ್ಕಾಂತ ಹತ್ತಿರ ಬಂದರೆ ವಾಚಿನ ಕೂದಲೆಳೆಯಂಥ ಸ್ಪ್ರಿಂಗು ಸುತ್ತಿಗೆ ಸುತ್ತು ಅಂಟಿಕೊಂಡು ಕೆಡುತ್ತದಂತೆ. ಆ ಬ್ಯಾಗನ್ನು ಹೊರಗಿನ ಬಾಗಿಲ ಹಿಡಿಗೆ ನೇತುಹಾಕಿಸಿದರು. ಸಂಜೆ ಅದನ್ನು ಹುಡುಕಿ ನೋಡುವುದನ್ನು ಮಾತ್ರ ಮರೆಯಲಿಲ್ಲ.

ಯಾವುದನ್ನೂ ಇದ್ದ ಹಾಗೆ ನಂಬುವ ಮನುಷ್ಯನಲ್ಲ. ಕೊಳೆಯಾದ ಮಿಷನ್ ಬಂದರೆ ಖುಷಿ, ಹೊಳೆಯುವುದು ಬಂದರೆ ಹುಬ್ಬು ಗಂಟು. “ಪಾಲೀಶ್ ಇರೋ ಸ್ಕ್ರೂನ ಮೊದ್ಲು ನೋಡು. ಯಾಕೆ ಪಾಲೀಶ್ ಮಾಡವ್ನೆ ಅಂತ ಕೇಳು,” ಎನ್ನುವರು. ಸ್ಕ್ರೂವಿನ ತಲೆ ನೋಡಿ ಬಿಚ್ಚಿದವನ ಜಾತಕ ಹೇಳುವರು: ಇವನು ಅವಸರದವನು, ಇವನು ಎಡಗೈಯವನು, ಇವನು ಸಾಲದ ಸ್ಕ್ರೂಡ್ರೈವರಿನಲ್ಲಿ ಕೆಲಸ ಮಾಡಿದವನು. ಸತ್ತುಹೋದ ರಿಪೇರಿಯವರನ್ನೆಲ್ಲ ಬೈದುಕೊಂಡೇ ಕೆಲಸ ಮಾಡುವರು. ನನಗೆ ನಗು ಬರುತ್ತಿತ್ತು, ಆದರೆ ನಗುವಷ್ಟು ಸಲಿಗೆ ಇರಲಿಲ್ಲ.

ಅವರಿಂದಲೇ ನಾನು ರಿಪೇರಿ ಗುರುತಿನ ಸಂಗತಿ ತಿಳಿದದ್ದು. ರಿಪೇರಿ ಮಾಡುವವನು ಕೆಲಸ ಮುಗಿದ ಮೇಲೆ, ಡಯಲ್ಲಿನ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ, ಸೂಜಿಮೊನೆಯಿಂದ ತನ್ನದೊಂದು ಗುರುತು ಗೀಚುತ್ತಾನೆ. ನಕ್ಷತ್ರವೋ, ಅಕ್ಷರವೋ, ಅಂಕಿಯೋ. ನಾಳೆ ಗಿರಾಕಿ ಬಂದು “ನೀನು ಮುಟ್ಟಿದ್ದಕ್ಕೇ ಕೆಟ್ಟಿದ್ದು” ಎಂದರೆ, ತೆರೆದು ನೋಡಿ, ತಾನು ಮುಟ್ಟಿದ್ದೇ ಹೌದೇ ಎಂದು ತಿಳಿಯಲು. ಅವರ ಮಾತಿನಲ್ಲಿ ಹೇಳುವುದಾದರೆ, “ಗಿರಾಕಿನ ನಂಬ್ದಿರೋನು ಕಂಡುಹಿಡ್ದಿದ್ದು.” ಮ್ಯೂಸಿಯಮ್ಮಿನವರು ಆ ಗುರುತುಗಳನ್ನೂ ಪಟ್ಟಿಯಲ್ಲಿ ಕೇಳಿದ್ದರು. ನಮ್ಮ ಸಂಗ್ರಹದಲ್ಲಿ ಡಯಲ್ಲು, ಮುಳ್ಳುಗಳನ್ನು ಬೇರೆ ಪೊಟ್ಟಣದಲ್ಲಿ ಇಟ್ಟಿದ್ದರಿಂದ ಮಿಷನ್ನನ್ನು ಮಗುಚಿದರೆ ಸಾಕು, ಗುರುತು ಕಾಣುತ್ತಿತ್ತು. ಮಗುಚುವವರು ಅವರು, ಕಾಣುವುದೂ ಅವರಿಗೇ.

“ನಕ್ಷತ್ರ ಒಂದು, ಪಕ್ಕದಾಗೆ ಇಂಗ್ಲಿಷ್ ಕೆ. ಬರ್ಕೊ.” ಬರೆದುಕೊಳ್ಳುವೆ. “ಏಳು, ಅಡಿಗೆರೆ. ಬರ್ಕೊ.” ಬರೆದುಕೊಳ್ಳುವೆ. ಗುರುತು ಸಿಗದಿದ್ದಾಗ ಇನ್ನಷ್ಟು ಹೊತ್ತು, ದೀಪ ವಾರೆ ಮಾಡಿ, ಹುಡುಕುವರು. ಆದರೆ ನಡುವೆ ಒಮ್ಮೊಮ್ಮೆ ಹಾಗಾಗುತ್ತಿರಲಿಲ್ಲ. ಮಗುಚಿದ ತಕ್ಷಣ ಮತ್ತೆ ಮಗುಚಿ, ಡಬ್ಬಿಗೆ ಹಾಕಿ, “ಗುರುತಿಲ್ಲ, ಮುಂದಕ್ಕೆ” ಎಂದುಬಿಡುವರು. ಸೀಲಿಗೆ ಐದು ನಿಮಿಷ ತೆಗೆದುಕೊಂಡ ಮನುಷ್ಯನಿಗೆ ಇದಕ್ಕೆ ಅರೆ ನಿಮಿಷವೂ ಬೇಡವಾಗಿತ್ತು.

ಅಂಥ ಸಾಲುಗಳ ಪಕ್ಕ ನಾನು ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಇಡತೊಡಗಿದೆ. ಚುಕ್ಕೆಗಳು ಇಪ್ಪತ್ತಮೂರಾದವು.

ಅವರು ಕಣ್ಣಿನ ಪೊರೆ ತೆಗೆಸಲು ಮೂರು ದಿನ ಬರಲಿಲ್ಲ. ರಿಜಿಸ್ಟರು ಇರುತ್ತಿದ್ದದ್ದೂ ಬೀರುವಿನಲ್ಲೇ, ಅದರ ಹಳೆಯ ಪುಟಗಳನ್ನು ಕಂಪ್ಯೂಟರಿಗೆ ಏರಿಸು ಎಂದು ಓನರ್ ಬೀರುವಿನ ಕೀ ನನಗೆ ಕೊಟ್ಟರು. ಎರಡನೇ ದಿನ ಮಧ್ಯಾಹ್ನ, ಕೆಳಗೆ ಊಟದ ಗಂಟೆ ಹೊಡೆದು ಲೇತುಗಳು ನಿಂತಾಗ, ನಾನು ಒಳಗಿನಿಂದ ಚಿಲಕ ಹಾಕಿ ಆ ಇಪ್ಪತ್ತಮೂರು ಡಬ್ಬಿಗಳನ್ನು ತೆಗೆದೆ. ಒಂದೊಂದನ್ನೇ ಬೆರಳಿನಲ್ಲಿ ಎತ್ತಿ ಮಗುಚಿದೆ. ಕಿವಿ ಮಾತ್ರ ಮೆಟ್ಟಿಲಿನ ಕಡೆಗೇ ಇತ್ತು.

ಎಲ್ಲದರಲ್ಲೂ ಗುರುತಿತ್ತು. ಎಲ್ಲದರಲ್ಲೂ ಒಂದೇ ಗುರುತು: ಎರಡು ಗೀಟು, ನಡುವೆ ಚುಕ್ಕೆ. ಅದನ್ನು ಎಲ್ಲಿ ನೋಡಿದ್ದೇನೆಂದು ಯೋಚಿಸಬೇಕಾಗಲಿಲ್ಲ. ಮೇಜಿನ ಮೇಲಿದ್ದ ಅವರ ಚಿಮುಟದ ಹಿಡಿಯ ಮೇಲೆ ಅದೇ ಇತ್ತು, ಸ್ಕ್ರೂಡ್ರೈವರುಗಳ ಮೇಲೂ ಅದೇ.

ಇನ್ನೊಂದು ಸಂಗತಿಯನ್ನೂ ಕಂಡೆ. ಆ ಕಾಲದ ಒಳ್ಳೆಯ ಮಿಷನ್ನುಗಳಲ್ಲಿ ತಳದ ತಟ್ಟೆಯ ಮೇಲೊಂದು ನಂಬರು ಇರುತ್ತದೆ. ಆಚೀಚೆ ಓಲಾಡುವ ಚಕ್ರವನ್ನು ಹಿಡಿದಿಡುವ ಸೇತುವೆಯ ಮೇಲೂ ಅದೇ ನಂಬರು ಇರಬೇಕು. ನಮ್ಮ ಪಟ್ಟಿಯಲ್ಲಿ ತಟ್ಟೆಯ ನಂಬರಿಗೆ ಮಾತ್ರ ಕಾಲಮ್ಮು. ಸೇತುವೆಗೂ ಒಂದು ಕಾಲಮ್ ಹಾಕೋಣವೇ ಎಂದು ನಾನು ಮೊದಲ ತಿಂಗಳಲ್ಲಿ ಕೇಳಿದಾಗ “ಬ್ಯಾಡ, ಪೇಪರ್ ವೇಸ್ಟು” ಎಂದಿದ್ದರು. ಈಗ ನೋಡಿದರೆ ಇಪ್ಪತ್ತಮೂರರಲ್ಲಿ ಒಂದಕ್ಕೂ ತಟ್ಟೆಯ ನಂಬರೂ ಸೇತುವೆಯ ನಂಬರೂ ಹೊಂದಲಿಲ್ಲ. ಗಿರಾಕಿಗಳು ನಂಬಿ ಕೊಟ್ಟ ವಾಚುಗಳಿಂದ ಒಳ್ಳೆಯ ಚಕ್ರವನ್ನು ಸೇತುವೆಸಹಿತ ತೆಗೆದು ಬೇರೆ ಯಾವುದನ್ನೋ ಕೂರಿಸಿದ್ದಾರೆ. ಮೂವತ್ತು ವರ್ಷದ ಮೇಲೆ ಆ ವಾಚುಗಳೇ ಗುಜರಿಯಿಂದ ಸುತ್ತಿ ಬಂದು ಅವರ ಮೇಜಿನ ಮೇಲೇ ಕೂತಿವೆ.

ಓನರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮಿಷನ್ ಮುಟ್ಟಿದ್ದು ಯಾಕೆ ಎಂದು ಅವರು ಕೇಳಿದರೆ ನನ್ನ ಕೆಲಸ ಹೋಗುತ್ತದೆ ಎಂಬ ಭಯ ಒಂದು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ದಿನಾ ನನ್ನ ಬ್ಯಾಗು ಹುಡುಕುವ ಮನುಷ್ಯನ ಗುಟ್ಟು ನನ್ನ ಕೈಯಲ್ಲಿದೆ ಎನ್ನುವುದರಲ್ಲಿ ಒಂದು ರುಚಿಯಿತ್ತು. ಮರುವಾರ ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಂದು “ಈಗ ನಿನ್ನ ಬ್ಯಾಗು” ಎಂದಾಗ ನಾನು ನಗುನಗುತ್ತ ತೆರೆದು ತೋರಿಸಿದೆ. ಅವರು ಬ್ಯಾಗನ್ನು ಬಿಟ್ಟು ನನ್ನ ನಗುವನ್ನೇ ನೋಡಿದರು.

ಮಳೆಗಾಲ ಬಂತು. ಆರು ತಿಂಗಳಿಗೊಮ್ಮೆ ಎಲ್ಲ ಡಬ್ಬಿಗಳನ್ನೂ ತೆರೆದು ತುಕ್ಕು ನೋಡುವ ಕ್ರಮವಿತ್ತು. ನಾನು ರಿಜಿಸ್ಟರ್ ಹಿಡಿದು ಕೂತೆ, ಅವರು ತೆರೆಯುತ್ತ ಹೋದರು. ಒಂದು ಡಬ್ಬಿಯ ಹತ್ತಿರ ಅವರ ಕೈ ನಿಂತಿತು. ಭೂತಗನ್ನಡಿ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ನಾನೂ ಬಗ್ಗಿ ನೋಡಿದೆ. ಬೆಳ್ಳಗಿನ ತಟ್ಟೆಯ ಅಂಚಿನಲ್ಲಿ ಕಂದು ಬಣ್ಣದ ಗೆರೆಗಳು ಸುತ್ತುಸುತ್ತಾಗಿ ಎದ್ದಿದ್ದವು. ಬೆರಳು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಲೋಹವನ್ನು ತಿಂದು, ತಿಂಗಳುಗಳ ಮೇಲೆ ಮುಟ್ಟಿದವರ ಬೆರಳಿನ ಗುರುತು ಹಾಗೆಯೇ ಏಳುತ್ತದೆ. ಒರೆಸಿದರೆ ಹೋಗುವುದಿಲ್ಲ. “ಮುಟ್ಬೇಡ” ಎಂದದ್ದಕ್ಕೆ ಅದು ಕಾರಣ. ನಾನು ಕಳ್ಳತನದ ಭಯವೆಂದು ತಿಳಿದಿದ್ದೆ.

ಅವರು ತಲೆ ಎತ್ತಲಿಲ್ಲ.

“ಬರ್ಕೊ,” ಎಂದರು. “ಸ್ಥಿತಿ ಕಾಲಮ್ಮಲ್ಲಿ. ಬೆರಳಚ್ಚು, ಮೂರು. ಯಾರ್ದು ಅಂತ ಗೊತ್ತಿಲ್ಲ.”

ಬರೆದೆ.

ಹತ್ತು ಡಬ್ಬಿ ಆದಮೇಲೆ ಮತ್ತೆ. “ಬೆರಳಚ್ಚು, ಎರಡು. ಯಾರ್ದು ಅಂತ ಗೊತ್ತಿಲ್ಲ.” ಬರೆದೆ. ಸಾವಿರ ಡಬ್ಬಿಗಳಲ್ಲಿ ಆ ಇಪ್ಪತ್ತಮೂರರಲ್ಲಿ ಮಾತ್ರ, ತಾವು ‘ಗುರುತಿಲ್ಲ’ ಎಂದ ಇಪ್ಪತ್ತಮೂರರಲ್ಲಿ ಮಾತ್ರ ಬೆರಳುಗಳಿವೆ ಎನ್ನುವುದು ಅವರಿಗೆ ಎಷ್ಟನೆಯ ಡಬ್ಬಿಯಲ್ಲಿ ಹೊಳೆಯಿತೋ ಗೊತ್ತಿಲ್ಲ. ದನಿ ಮಾತ್ರ ಏರಲಿಲ್ಲ, ಇಳಿಯಲಿಲ್ಲ. ನಾಲ್ಕು ದಿನ ಹಿಡಿದ ಆ ಕೆಲಸದಲ್ಲಿ ಇಪ್ಪತ್ತಮೂರು ಸಲ ನನ್ನ ತಪ್ಪನ್ನು ಅವರು ಹೇಳಿದರು, ಅದೇ ಬೆರಳುಗಳಲ್ಲಿ ಪೆನ್ನು ಹಿಡಿದು ನಾನು ಬರೆದೆ. ಕೊನೆಯದಾದ ಮೇಲೆ ಒಂದೇ ಒಂದು ಮಾತು ಸೇರಿಸಿದರು.

“ಬೆವರು ಜಾಸ್ತಿ ಇರೋ ಕೈ. ಎದ್ರಿರೋ ಕೈ.”

ಅಂದು ಸಂಜೆ ಅವರು ಜೇಬು ಹೊರಗೆಳೆದು ತೋರಿಸಿದರು. ನನ್ನ ಬ್ಯಾಗು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಕೇಳುತ್ತಿದ್ದಾಗ ಆದ ಅವಮಾನಕ್ಕಿಂತ ಇದು ಹೆಚ್ಚು ಚುಚ್ಚಿತು. ನನ್ನ ಮೇಲೆ ನಂಬಿಕೆ ಬಂತೋ, ಅಥವಾ ನಾವಿಬ್ಬರೂ ಈಗ ಒಂದೇ ಗುಂಪು ಎಂದು ತೀರ್ಮಾನಿಸಿದರೋ? ‘ಯಾರದೆಂದು ಗೊತ್ತಿಲ್ಲ’ ಎಂದು ಬರೆಸಿದ್ದು ಕರುಣೆಯೋ, ನೀನೂ ಹಾಗೆಯೇ ಬಾಯಿ ಮುಚ್ಚಿಕೊಂಡಿರು ಎನ್ನುವ ಒಪ್ಪಂದವೋ? ಊಟ ಮಾಡುವಾಗೆಲ್ಲ ಅವರ ಮುಖ ನೋಡಿ ಲೆಕ್ಕ ಹಾಕುತ್ತಿದ್ದೆ. ಅವರು ಗೋಡೆಗೆ ಬೆನ್ನು ಕೊಟ್ಟು, ಮುದ್ದೆ ಮುರಿದು ಉಣ್ಣುತ್ತಿದ್ದರು.

ಕೊನೆಗೆ ಒಂದು ದಿನ ತಡೆಯಲಾಗಲಿಲ್ಲ. “ಸಾರ್, ಯಾಕೆ ಬದಲಾಯಿಸಿದ್ರಿ?” ಎಂದೆ. ಯಾವುದನ್ನು ಎಂದು ಅವರು ಕೇಳಲಿಲ್ಲ.

“ಅವಾಗ ಸಾಮಾನು ಎಲ್ಲಿ ಸಿಗ್ತಿತ್ತು? ಫಾರಿನ್ ಸಾಮಾನು. ಒಬ್ರುದ್ನ ಕಿತ್ತು ಇನ್ನೊಬ್ರುದ್ನ ಓಡುಸ್ಬೇಕು. ಇವ್ರಿಗೆ ಬ್ಯಾರೆ ಚಕ್ರ ಕೂರುಸ್ತಿದ್ದೆ. ಇಬ್ರುದ್ದೂ ಓಡ್ತಿತ್ತು.”

“ಅವರನ್ನ ಕೇಳಿ ತೆಗೀತಿದ್ರಾ?”

“ಕೇಳುದ್ರೆ ಕೊಡ್ತಿದ್ರಾ?”

“ಮತ್ತೆ ಒಂದೇ ಥರ ಓಡ್ತಿತ್ತಾ ಎರಡೂ?”

ಅವರು ಕೈ ತೊಳೆದುಕೊಂಡು ಬಂದು, ಬೆರಳೊಂದೊಂದಕ್ಕೂ ರಬ್ಬರ್ ಟೋಪಿ ಹಾಕಿಕೊಂಡರು. “ಒಂದು ಸ್ವಲ್ಪ ಕಮ್ಮಿ ಓಡ್ತಿತ್ತು,” ಎಂದರು.

“ಯಾರಿಗೆ ಕಮ್ಮಿ ಓಡೋದು ಅಂತ ಹೆಂಗೆ ಆರಿಸ್ತಿದ್ರಿ?”

“ಡಿಗ್ರಿ ಮೇಡಮ್ಮು,” ಎಂದು ಅವರು ಚಿಮುಟ ಎತ್ತಿಕೊಂಡರು. “ಅದ್ನೂ ಪಟ್ಟಿ ಮಾಡ್ತೀಯಾ? ಪುಸ್ತಕ ತೆಗಿ, ಕೆಲ್ಸ ನೋಡಾನ.”

ಅದರ ನಂತರ ಆ ಮಾತು ಬರಲಿಲ್ಲ. ದೀಪಾವಳಿಯ ಮುಂದಿನ ವಾರ ಅವರು ಮನೆಯಲ್ಲೇ, ಹಗಲು ಮಲಗಿದ್ದವರು ಏಳಲಿಲ್ಲ. ಎದೆ ನಿಂತಿತು ಎಂದರು. ಪಟ್ಟಿಗೆ ಆಗ ಉಳಿದಿದ್ದದ್ದು ಕೊನೆಯ ತಿದ್ದುಪಡಿ ಮತ್ತು ಒಂದು ಹಾಳೆ. ಮ್ಯೂಸಿಯಮ್ಮಿನವರು ಕಳಿಸಿದ ಹಾಳೆ ಅದು. ಮೇಲಿನ ಎಲ್ಲ ವಿವರಗಳೂ ನಾನು ತಿಳಿದ ಮಟ್ಟಿಗೆ ನಿಜ ಎಂದು ಪಟ್ಟಿ ಮಾಡಿದವರು ಸಹಿ ಹಾಕಬೇಕು. ಹೇಳಿದವರ ಸಹಿ ಬೇಕಿಲ್ಲ, ಬರೆದವಳದೇ ಬೇಕು.

“ಹಾಕ್ಬಿಡಮ್ಮ, ಸೋಮವಾರ ಕಳ್ಸಾನ,” ಎಂದರು ಓನರ್. “ನಿನ್ ವಿಷ್ಯಾನೂ ಮತ್ತೆ ಹೇಳ್ತೀನಿ.”

ನಾನು ತಿಳಿದ ಮಟ್ಟಿಗೆ ಅದರಲ್ಲಿ ನಲವತ್ತಾರು ಸುಳ್ಳುಗಳಿದ್ದವು: ಇಪ್ಪತ್ತಮೂರು ಅವರವು, ಇಪ್ಪತ್ತಮೂರು ನಮ್ಮಿಬ್ಬರವು. ಸಹಿ ಹಾಕಿದರೆ ಮ್ಯೂಸಿಯಮ್ಮಿನ ಕೆಲಸ. ನಿಜ ಬರೆದರೆ, ಹಳೆಯ ವಸ್ತುವನ್ನು ಬರಿಗೈಯಲ್ಲಿ ಮುಟ್ಟಿ ಹಾಳುಮಾಡಿದವಳನ್ನು ಯಾವ ಮ್ಯೂಸಿಯಮ್ಮು ಸೇರಿಸಿಕೊಳ್ಳುತ್ತದೆ? ಸತ್ತವರಿಗೂ ಕಳ್ಳನ ಹೆಸರು.

ಬರೆಯುವ ಮೊದಲು ಖಾತ್ರಿ ಮಾಡಿಕೊಳ್ಳುವ ಪಾಠ ಅವರದೇ. ಸ್ಟಾಂಪ್ ಪ್ಯಾಡಿನ ಮಸಿಯಲ್ಲಿ ನನ್ನ ಬೆರಳುಗಳನ್ನು ಒತ್ತಿ ಹಾಳೆಯ ಮೇಲೆ ತೆಗೆದೆ. ಕೈ ತೊಳೆದು, ಅವರ ಭೂತಗನ್ನಡಿ ಸಿಕ್ಕಿಸಿಕೊಂಡು, ರಬ್ಬರ್ ಟೋಪಿ ಹಾಕಿಕೊಂಡು ಡಬ್ಬಿಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ನನ್ನವೇ, ಎತ್ತುವಾಗ ಹಿಡಿದ ಹಾಗೆ ಅಂಚಿನಲ್ಲಿ. ಇಪ್ಪತ್ತಮೂರನೆಯದನ್ನು ಮಗುಚಿದಾಗ ಲೆಕ್ಕ ತಪ್ಪಿತು. ರಿಜಿಸ್ಟರಿನಲ್ಲಿ ‘ಬೆರಳಚ್ಚು, ಎರಡು’ ಎಂದು ನಾನೇ ಬರೆದಿದ್ದೆ. ಇಲ್ಲಿ ಮೂರಿದ್ದವು.

ಮೂರನೆಯದು ಹೊಸದು, ಬಣ್ಣ ಇನ್ನೂ ತೆಳು. ದೊಡ್ಡ ಹೆಬ್ಬೆಟ್ಟು, ಅಡ್ಡಲಾಗಿ ಒಂದು ಗಾಯದ ಗೆರೆ. ವಾಚಿನ ಗಾಜು ಒಡೆದು ಆದ ಆ ಗಾಯವನ್ನು ಮುದ್ದೆ ಮುರಿಯುವಾಗ ನಾನು ದಿನಾ ನೋಡಿದ್ದೆ. ಅದು ಅಂಚಿನಲ್ಲಿರಲಿಲ್ಲ. ತಟ್ಟೆಯ ನಡುಮಧ್ಯೆ, ಅವರು ಎಂದೋ ಗೀಚಿದ ಎರಡು ಗೀಟು ಒಂದು ಚುಕ್ಕೆಯ ಸರಿಯಾಗಿ ಕೆಳಗೆ ಇತ್ತು.

ಆಗಲೂ ನನ್ನ ಬುದ್ಧಿ ಮೊದಲು ಹೋದದ್ದು ಅನುಮಾನದ ಕಡೆಗೇ. ನನ್ನ ಗುರುತಿನೊಳಗೆ ತಮ್ಮದನ್ನೂ ಬೆರೆಸಿ ಗೊಂದಲ ಮಾಡಿದರೇ? ಆಪರೇಷನ್ ಆದ ಕಣ್ಣಿಗೆ ಕಾಣದೆ ರಬ್ಬರು ಮರೆತರೇ? ಗೀಚಿದ್ದನ್ನು ಉಜ್ಜಿ ಅಳಿಸಲು ಹೋದರೇ? ಉಜ್ಜಿದ್ದರೆ ಗೆರೆಗಳು ಕದಡಬೇಕಿತ್ತು. ಒಂದೂ ಕದಡಿರಲಿಲ್ಲ. ಸಹಿ ಬಾರದ ನಮ್ಮಪ್ಪ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತುವ ಹಾಗೆ ನೇರವಾಗಿತ್ತು.

ಎರಡು ದಿನ ಕೂತು ಇಪ್ಪತ್ತಮೂರು ಸಾಲುಗಳನ್ನೂ ತಿದ್ದಿದೆ. ರಿಪೇರಿ ಗುರುತು ಬರೆದೆ, ಅದು ಯಾರದೆಂದು ಹೆಸರುಸಹಿತ ಬರೆದೆ. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಇಲ್ಲಿ ಅದರ ಅಗತ್ಯವಿಲ್ಲ. ಸೇತುವೆಯ ನಂಬರು ಬೇರೆಯೆಂದು ಬರೆದೆ. ಬೆರಳಚ್ಚು ಪಟ್ಟಿ ಮಾಡಿದವಳದು ಎಂದು ಬರೆದೆ. ಓನರ್ ಓದಿ ಹಣೆ ಹಿಡಿದುಕೊಂಡರು.

“ಇದ್ನೆಲ್ಲ ನಿನ್ನ ಯಾರು ಕೇಳಿದ್ರಮ್ಮ? ಅವ್ರು ಹೋಗಾಯ್ತು. ನಿಂಗೆ ನೀನೇ ಯಾಕೆ ಕಲ್ಲು ಹಾಕ್ಕೊಳ್ತೀಯ?”

“ಸಹಿ ನಂದು ಸಾರ್. ಸಹಿ ಮಾಡೋದು ಕಲಿಯೋಕೆ ನಮ್ಮನೇಲಿ ನಾಲ್ಕು ತಲೆಮಾರು ಹಿಡೀತು. ಗೊತ್ತಿದ್ದೂ ಗೊತ್ತಿಲ್ಲ ಅಂತ ಬರೆದಿದ್ದರ ಕೆಳಗೆ ಹಾಕಕ್ಕಾಗಲ್ಲ.”

ಸಂಗ್ರಹ ಹೋಯಿತು. ನನಗೆ ಕರೆ ಬರಲಿಲ್ಲ. ಈಗ ನೆಲಮಂಗಲದ ಕಡೆ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಪುಸ್ತಕಗಳನ್ನು ಬರಿಗೈಯಲ್ಲಿ ಮುಟ್ಟಬಹುದು.

ಆ ಇಪ್ಪತ್ತಮೂರನೆಯ ಸಾಲಿಗೆ ಮಾತ್ರ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ‘ಹೆಬ್ಬೆಟ್ಟು, ಒಂದು. ಬರಿಗೈಯಲ್ಲಿ ಮುಟ್ಟಿದ್ದು’ ಎಂದು ಮೊದಲು ಬರೆದಿದ್ದೆ. ಆಮೇಲೆ ‘ಮುಟ್ಟಿದ್ದು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಒತ್ತಿದ್ದು’ ಎಂದು ತಿದ್ದಿ, ತಿದ್ದಿದ ಜಾಗದಲ್ಲಿ ಸಹಿ ಮಾಡಿದೆ.